ಗಾಲಿ ತಟ್ಟುವವನು

ಹೊರಗೆ ಮೈನಸ್ ಇಪ್ಪತ್ತೊಂಬತ್ತು.
ಉಲಾನ್‌ಬಾತರಿನ ಕಲ್ಲಿದ್ದಲ ಹೊಗೆ
ರೋಗಿಗಳ ಕೋಟಿಗಂಟಿಕೊಂಡು ನೆಲಮಾಳಿಗೆಗೂ ಇಳಿಯುತ್ತದೆ.
ದಪ್ಪ ಗೋಡೆಯ ಈಚೆ ಕೂತು ಮೈಕಿನಲ್ಲಿ ಹೇಳುತ್ತೇನೆ:
ಉಸಿರೆಳೆದುಕೊಳ್ಳಿ. ಹಿಡಿಯಿರಿ. ಅಲ್ಲಾಡಬೇಡಿ.

ಉಸಿರಾಡಿದರೆ ಲಿವರ್ ಸರಿಯುತ್ತದೆ,
ಒಂದು ಬೆರಳು ಮೇಲೆ, ಒಂದು ಬೆರಳು ಕೆಳಗೆ.
ಕಿರಣಕ್ಕೆ ಒಂದು ಬೆರಳೆಂದರೆ ಬೇರೆ ಊರು.

ಲುವ್ಸಂದಾಶ್, ಅರವತ್ತೇಳು.
ಸೈನ್‌ಶಾಂಡ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ
ಉದ್ದ ಕಾವಿನ ಸುತ್ತಿಗೆ ಹಿಡಿದು
ನಿಂತ ರೈಲಿನ ಗಾಲಿ ಗಾಲಿಗೂ ತಟ್ಟಿ ಕಿವಿಗೊಟ್ಟವನು,
ಮಡಕೆ ಕೊಳ್ಳುವವರು ಗೆಣ್ಣಿನಿಂದ ತಟ್ಟಿ ನೋಡುವ ಹಾಗೆ.
ಠಣ್ ಅಂದರೆ ಗಟ್ಟಿ. ಬದ್ ಅಂದರೆ ಬಿರುಕು.
ಒಂದೇ ಒಂದು ಗಾಲಿ ತಪ್ಪಿದ್ದೇನೆ, ಎನ್ನುತ್ತಾನೆ;
ಯಾವ ವರ್ಷ, ಯಾವ ಬೋಗಿ, ಹೇಳುವುದಿಲ್ಲ.

ಕುಡಿಯುತ್ತಿದ್ದಿರಾ, ಎಂದ ಹೊಸ ಡಾಕ್ಟರಿಗೆ
ತೋಳು ತೋರಿಸಿದ:
ಶಾಲೆಯ ಅಂಗಳ, ಸಾಲಾಗಿ ನಲವತ್ತು ಮಕ್ಕಳು,
ಕುದಿಸಿದ್ದೋ ಇಲ್ಲವೋ, ಒಂದೇ ಸೂಜಿ.
ಆ ನರ್ಸ್ ಒಳ್ಳೆಯವಳು, ಸಕ್ಕರೆ ಕೊಡುತ್ತಿದ್ದಳು.

ಗೆಡ್ಡೆ ಈಗ ದೊಡ್ಡ ರಕ್ತನಾಳಕ್ಕೇ ಬಾಯಿ ಹಾಕಿದೆ.
ಕೊಯ್ಯುವ ಕಾಲ ಮುಗಿಯಿತು.
ಕೆಳಗೆ ನನ್ನ ಯಂತ್ರದ ಕಿರಣ, ಮೇಲಿನ ಮಹಡಿಯಲ್ಲಿ
ಮೂರು ವಾರಕ್ಕೊಮ್ಮೆ ತೊಟ್ಟಿಕ್ಕುವ ಔಷಧ.
ಡಾಕ್ಟರು ಬಿಡಿಸಿ ಹೇಳಿದರು:
ಮೈಯೊಳಗಿನ ಕಾವಲಿನವರ ಕೈ ಕಟ್ಟಿದೆ ಗೆಡ್ಡೆ,
ಔಷಧ ಆ ಗಂಟು ಬಿಚ್ಚುತ್ತದೆ.
ಬಿಚ್ಚಿದರೇನು, ಹಿಡಿಯಬೇಕಾದ್ದು ಯಾರನ್ನು?
ಕಿರಣ ಗೆಡ್ಡೆಯನ್ನು ಸೀಳಿದರೆ
ಸಿಡಿದ ಚೂರು ನೋಡಿ ಗುರುತು ಹಿಡಿಯಬಹುದು.

ಆ 'ಬಹುದು' ನನಗೂ ಕೇಳಿಸಿತು.
ಲುವ್ಸಂದಾಶ್ ತಲೆ ಓರೆ ಮಾಡಿ ಹೇಳಿದ:
ಅಂದರೆ ಇವಳು ತಟ್ಟುತ್ತಾಳೆ,
ಅವರು ಕೇಳಿಸಿಕೊಳ್ಳಬೇಕು.

ಐದು ಸಲ ಮಲಗಿದ. ಐದು ಸಲವೂ
ಹೇಳಿದ್ದಕ್ಕಿಂತ ಹೆಚ್ಚೇ ಉಸಿರು ಹಿಡಿದ,
ಸಾಕು, ಬಿಡಿ, ಎಂದು ನಾನೇ ಬೇಡಿಕೊಳ್ಳುವವರೆಗೆ.
ಎರಡನೆಯ ಬಾಟಲಿಯ ಹೊತ್ತಿಗೆ ಮೈಯೆಲ್ಲ ತುರಿಕೆ.
ಕೈ ಬಿಚ್ಚಿದ ಕಾವಲಿನವರು
ಮನೆಯವರ ಮೇಲೂ ಕೈ ಮಾಡುತ್ತಾರಂತೆ.
ಗದರಿಸಲು ಇನ್ನೊಂದು ಮಾತ್ರೆ.

ಸ್ಕ್ಯಾನಿಗೆ ಇನ್ನೂ ಏಳು ವಾರ.
ಹೋಗುವಾಗ ಕಾರಿಡಾರಿನ ಬಿಸಿನೀರಿನ ಕೊಳವೆಗೆ
ಗೆಣ್ಣಿನಿಂದ ತಟ್ಟಿದ, ನಿಂತ, ಮತ್ತೆ ತಟ್ಟಿದ.
ಇದರಲ್ಲಿ ಗಾಳಿ ಸೇರಿದೆ ಮಗಳೇ, ಯಾರಿಗಾದರೂ ಹೇಳು.

ಹೇಳಿದೆ. ಗುರುವಾರ ಬಂದು ಬಿಚ್ಚಿದರು.
ಹೌದು, ಗಾಳಿಯೇ.

ತನ್ನ ಬಲ ಪಕ್ಕೆಯ ಮೇಲೆ ಅವನು ಯಾವಾಗಲೂ
ಅಂಗೈಯನ್ನು ಸುಮ್ಮನೆ ಇಟ್ಟುಕೊಂಡಿರುತ್ತಾನೆ.
ತಟ್ಟಿದ್ದನ್ನು ನಾನು ಕಂಡಿಲ್ಲ.