ಕಾರಣದ ಕಾಲಂ

ಎಳ್ಳಮಾಸಿ ಮುಗಿದ ಮೂರನೇ ರಾತ್ರಿ.
ಔರಾದದಿಂದ ಒಳಗೆ, ಮಾಂಜ್ರಾದ ಈಚೆ ದಂಡೆಗೆ
ಮೂವತ್ಮೂರು ಕೆವಿ ಸಬ್‌ಸ್ಟೇಷನ್ನು.
ಕಂಟ್ರೋಲ್ ರೂಮಿನ ಒಡೆದ ಕಿಟಕಿಗೆ
ಹೋದ ವರ್ಷದ ಕ್ಯಾಲೆಂಡರು ಅಂಟಿಸಿದ್ದೆ.
ಥಂಡಿ, ತಿಥಿ ವಾರ ನೋಡದೆ ಒಳಗೆ ಬಂತು.

ಇಲ್ಲಿ ಥರ್ಮಾಮೀಟರು ಇರುವುದು ಟ್ರಾನ್ಸ್‌ಫಾರ್ಮರಿನ ಎಣ್ಣೆಗೆ.
ಎಣ್ಣೆ ಐವತ್ತೆಂಟು ಡಿಗ್ರಿ, ಬರೆದೆ.
ಬರೆಯುವ ಬೆರಳು ಎಷ್ಟೆಂದು ಹೇಳಲು ಕಾಲಂ ಇಲ್ಲ.

ಹೊರಗೆ ರೇಡಿಯೇಟರಿನ ರೆಕ್ಕೆಗೆ ಬೆನ್ನು ಕೊಟ್ಟು
ಒಂದು ಕರಿನಾಯಿ.
ಬೈದರೂ ಹೋಗದು, ಲೈನ್‌ಮನ್ ಗುಂಡೇರಾವ ಕಲ್ಲು ಎತ್ತಿದರೂ ಹೋಗದು.
ಊರಿನ ಲೋಡು ಎಷ್ಟೆಂದು
ಅದರ ಬೆನ್ನಿಗೆ ಗೊತ್ತು.

ಎರಡೂ ಹತ್ತಕ್ಕೆ ಫೋನು.
‘ಫ್ರೀಕ್ವೆನ್ಸಿ ಬೀಳ್ಲಾಕತ್ತದ. ಇನ್ನೂ ಎರಡು ಮೆಗಾವ್ಯಾಟ್ ಇಳಸ್ರಿ.’
ಯಾವ ಫೀಡರ್ ಸರ್?
‘ಯಾವ್ದರ ಇಳಸ್ರಿ ಮೇಡಂ, ಐದು ನಿಮಿಷದಾಗ.’

ಪಂಪ್‌ಸೆಟ್ಟಿನದು ಹನ್ನೆರಡಕ್ಕೇ ಇಳಿಸಿದ್ದೆ.
ತ್ರೀಫೇಸ್ ರಾತ್ರಿಯೇ ಕೊಡಬೇಕೆಂಬುದು
ಯಾರೋ ಹಗಲು ಹೊತ್ತು ಕೂತು ಮಾಡಿದ ನಿಯಮ;
ಕಬ್ಬಿಗೆ ನೀರು ತಿರುಗಿಸಲು ಬಂದವರು
ಬದುವಿನ ಮೇಲೆ ತೊಗರಿಕಟಗಿ ಉರಿಹಚ್ಚಿ
ಸತ್ತ ಸ್ಟಾರ್ಟರಿನ ಕಡೆ ನೋಡುತ್ತ ಕೂತಿದ್ದರು.
ಪ್ಯಾಟಿ ಫೀಡರು ಮಲಗಿದೆ, ಅರ್ಧ ಮೆಗಾವ್ಯಾಟೂ ಸಿಗದು.
ಉಳಿದದ್ದು ಎರಡು ಹಿಡಿಕೆ.

ಒಂದರ ತುದಿಗೆ ಹೆರಿಗೆ ಆಸ್ಪತ್ರೆ.
ಎಸ್ತೇರಮ್ಮ ಸಿಸ್ಟರ್ ಸಂಜೆಯೇ ಹೇಳಿದ್ದಳು:
‘ಏಳು ತಿಂಗಳ ಕೂಸು, ವಾರ್ಮರಿನ್ಯಾಗ ಇಟ್ಟೀವಿ,
ಜನರೇಟರಿಗೆ ಡೀಸೆಲ್ ಇಲ್ಲ, ಲಕ್ಷ್ಯ ಇರಲಿ ಅಕ್ಕಾ.’
ಇನ್ನೊಂದರ ತುದಿಗೆ ಹತ್ತು ಹಳ್ಳಿ,
ಖಾಜಾಮಿಯಾನ ಶೆಡ್ಡು,
ಕೆಂಪು ಬಲ್ಬಿನ ಕೆಳಗೆ ನಾಲ್ಕು ದಿನದ ಕೋಳಿಮರಿ, ಎರಡು ಸಾವಿರ.

ಹಿಡಿಕೆ ತಿರುಗಿತು. ಟಕ್.
ಇಷ್ಟು ಸಣ್ಣ ಸಪ್ಪಳ.

ನಲವತ್ತೊಂದು ನಿಮಿಷ.
ಟ್ರಾನ್ಸ್‌ಫಾರ್ಮರಿನ ಗುಂಯ್ ಇಳಿಯಿತು,
ನಾಯಿ ಎದ್ದು, ಕಿಟಕಿಯ ಕಡೆ ಒಮ್ಮೆ ನೋಡಿ,
ಬೇರೆ ರೆಕ್ಕೆ ಹುಡುಕಿಕೊಂಡಿತು.

ಮರಿಗಳು ಥಂಡಿಗೇ ಸಾಯುವುದಿಲ್ಲವಂತೆ, ಆಮೇಲೆ ತಿಳಿಯಿತು.
ಬಿಸಿ ಹುಡುಕುತ್ತ ಒಂದರ ಮೇಲೊಂದು ಏರಿ
ಮೂಲೆಯಲ್ಲಿ ಗುಡ್ಡವಾಗುತ್ತವೆ;
ಕೆಳಗಿನವು ಉಸಿರುಕಟ್ಟಿ ಹೋಗುತ್ತವೆ,
ಬೆಚ್ಚಗೇ.

ಫೀಡರ್ ಎರಡು. ಬಂದ್ ೨:೧೪. ಚಾಲೂ ೨:೫೫.
ಕಾರಣ: ಮೇಲಿನ ಆದೇಶ.
ಅಕ್ಷರ ದುಂಡಗೆ ಬಂದಿತ್ತು.

ಮಾರ್ಚಿಗೆ ಕಲಬುರಗಿಯಲ್ಲಿ ಆಯೋಗದ ಅಹವಾಲು.
ದರ ಏರಿಕೆಯ ಅರ್ಜಿ, ನೀರಿನ ಬಾಟಲಿ, ಪ್ಲಾಸ್ಟಿಕ್ ಹೂವು.
ಹೊರಗೆ ಬಿಸಿಲು ಕುದಿಯುತ್ತಿದ್ದರೆ
ಎಸಿಯ ಥಂಡಿಗೆ ನಾನು ಸೆರಗು ಹೊದ್ದೆ.
ಪರದೆಯ ಮೇಲೆ ಅಂಕಿ ಮೂಡಿತು:
ಚಳಿಗಾಲದ ಕಡಿತ, ಗ್ರಾಹಕನೊಬ್ಬನಿಗೆ ಸರಾಸರಿ
ತಿಂಗಳಿಗೆ ಹನ್ನೊಂದು ನಿಮಿಷ.

ಖಾಜಾಮಿಯಾ ಎದ್ದ. ಕೈಯಲ್ಲಿ ಕಾಗದವಿಲ್ಲ.
‘ಸಾಬ್, ಹನ್ನೊಂದು ನಿಮಿಷ ಹೋಗಿದ್ದು ಯಾರ ಮನ್ಯಾಗ?
ಆ ಮನುಷ್ಯಾಗ ಒಮ್ಮೆ ತೋರಸ್ರಿ.
ನಂದು ಒಂದೇ ರಾತ್ರಿಗಿ ನಲವತ್ತೊಂದು.
ಆರುನೂರಾ ಎಂಟು ಮರಿ, ನನ್ನ ಕೈಲೇ ಎಣಿಸೀನಿ.
ಉಳಿದ ಮೂವತ್ತು ನಿಮಿಷ
ಯಾರ್ಯಾರಿಗಿ ಹಂಚೀರಿ?’

ಅಧ್ಯಕ್ಷರು ಕನ್ನಡಕ ತೆಗೆದರು.
ದಾಖಲಿಸಿಕೊಳ್ಳಿ, ಎಂದರು.
ಹಿಡಿಕೆ ಹಿಡಿದವರು ಯಾರೆಂದು ಯಾರೂ ಕೇಳಲಿಲ್ಲ.
ನನ್ನ ಚೀಲದೊಳಗೆ ಲಾಗ್‌ಬುಕ್ಕು,
ಕಲ್ಲಿನಷ್ಟು ಭಾರ.

ಊಟದ ಸಾಲಿನಲ್ಲಿ ಅವನೇ ಹತ್ತಿರ ಬಂದ.
‘ಅಕ್ಕಾ, ಆ ಕೂಸು ಉಳೀತಂತಲ್ಲ?’
ಹೂಂ, ಎಂದೆ.
‘ಭಾಳ ಛಲೋ ಆತು,’ ಎಂದು ತಟ್ಟೆ ಮುಂದೆ ಚಾಚಿದ.
ಅವನಿಗೆ ಎಷ್ಟು ಗೊತ್ತಿತ್ತೆಂದು
ಇವತ್ತಿಗೂ ನನಗೆ ಗೊತ್ತಿಲ್ಲ.

ಈಗ ಆದೇಶ ಬಂದು, ಆಯ್ಕೆ ನನಗೇ ಬಿಟ್ಟ ರಾತ್ರಿ
ಕಾರಣದ ಕಾಲಮ್ಮಿನಲ್ಲಿ ನನ್ನ ಹೆಸರು ಬರೆಯುತ್ತೇನೆ.
ಬೆಳಗಿನ ಪಾಳಿಯವನು ಅದರ ಮೇಲೆ ಬಿಳಿ ಹಚ್ಚಿ,
ಒಣಗಲೆಂದು ಊದಿ,
ಮತ್ತೆ ‘ಮೇಲಿನ ಆದೇಶ’ ಅನ್ನುತ್ತಾನೆ.
ಹಾಳೆಯನ್ನು ಬಲ್ಬಿಗೆ ಹಿಡಿದರೆ ಒಳಗಿನದು ಕಾಣುತ್ತದೆ,
ಕರೆಂಟಿದ್ದರೆ.