ಜನವಸತಿ ಇಲ್ಲ

ನನಗಿದ್ದ ಕೆಲಸ ಇಷ್ಟೇ: ಸುಮ್ಮನಿರುವುದು.
ಚಿಲಿಯ ತೆಂಕಣ ದ್ವೀಪಗಳಲ್ಲಿ, ಕಾಸ್ತ್ರೋ ಊರಿನ ಲೈಬ್ರರಿಯಲ್ಲಿ,
ಸೌದೆ ಒಲೆಯ ಪಕ್ಕದ ಮೇಜಿಗೆ
ಕಂಪ್ಯೂಟರು ಅರಿಯದ ಐದು ಜನ ಒಬ್ಬೊಬ್ಬರಾಗಿ ಬಂದು
ವಿಶ್ವಕೋಶದ ಒಂದು ಸಾಲು ತಿದ್ದಬೇಕು.
ನಾನು ಹಿಂದೆ ಕೂತು ನೋಡಬೇಕು.
ಬಾಯಿ ಬಿಡಕೂಡದು, ಬೆರಳು ತೋರಕೂಡದು,
ಎಲ್ಲಿ ಎಡವುತ್ತಾರೋ ಅಲ್ಲಿ
ಗಡಿಯಾರ ನೋಡಿ ಬರೆದುಕೊಳ್ಳಬೇಕು.

ಮೊದಲ ನಾಲ್ವರ ಬಗ್ಗೆ ಹೇಳುವಂಥದ್ದಿಲ್ಲ.
ಒಬ್ಬ ಬೇಕರಿಯವನು, ಪಾಸ್‌ವರ್ಡ್ ಕೇಳಿದ್ದೇ ಎದ್ದು ಹೋದ.

ಐದನೆಯವರು ಎದೆಲ್ಮಿರಾ ಬಾರ್ರಿಯಾ.
ಎರಡು ದೋಣಿ ಬದಲಿಸಿ ಬಂದಿದ್ದರು,
ಉಣ್ಣೆ ಶಾಲಿನಲ್ಲಿ ಇನ್ನೂ ಉಪ್ಪುಗಾಳಿ,
ಉಗುರಿನ ಸಂದಿಯಲ್ಲಿ ಕಡಲಪಾಚಿಯ ಹಸಿರು.
ಅವರ ದ್ವೀಪದ ಪುಟ ತೆರೆದಿಟ್ಟೆ. ಆರೇ ಸಾಲು.
ಮೂರನೆಯದು: ಜನವಸತಿ ಇಲ್ಲ.

ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.
"ಹಾಗಾದರೆ ಇವತ್ತು ಬೆಳಗ್ಗೆ ನನ್ನ ಕೋಳಿಗೆ
ಕಾಳು ಹಾಕಿದ್ದು ಯಾರಂತೆ?"
ನಗು ಬಂತು; ನಗುವುದಕ್ಕೂ ಅಪ್ಪಣೆಯಿರಲಿಲ್ಲ.

'ಸಂಪಾದಿಸಿ' ಒತ್ತಿದರು.
ಆ ಕ್ಷಣ ದ್ವೀಪ ಮುಳುಗಿತು.
ಆರು ಸಾಲಿದ್ದ ಜಾಗದಲ್ಲಿ
ಜೋಡಿ ಚೌಕ, ಜೋಡಿ ಪುಷ್ಪಾವರಣ, ನಿಂತ ಗೆರೆ, ನಕ್ಷತ್ರ,
ದಡಕ್ಕೆ ಬಿದ್ದ ಹರಕು ಬಲೆಯ ಹಾಗೆ
ಎಲ್ಲ ಒಂದಕ್ಕೊಂದು ಸಿಕ್ಕಿಕೊಂಡು.
ಬಲೆಯೇ ಆಗಿದ್ದರೆ ಬಿಡಿಸುತ್ತಿದ್ದರು;
ಐವತ್ತು ವರ್ಷ ಅದನ್ನೇ ಮಾಡಿದ ಕೈ.
ಇದರ ತುದಿ ಎಲ್ಲಿ?

ಹನ್ನೊಂದು ನಿಮಿಷ. ಒಂದೇ ಬೆರಳು.
ಅವರ ವಾಕ್ಯ ಒಳಹೊಕ್ಕಿತು, ಹೊಗುವಾಗ
ಕೊಕ್ಕೆಯೊಂದನ್ನು ಕಿತ್ತುಕೊಂಡಿತು.
'ಉಳಿಸಿ' ಎಂದದ್ದೇ ತಡ, ಪುಟದ ಬಲಗಡೆಯ ಪಟ್ಟಿ,
ವಿಸ್ತೀರ್ಣ, ಎತ್ತರ, ಅಕ್ಷಾಂಶ, ರೇಖಾಂಶ,
ಮಡಚು ಕುರ್ಚಿಯಂತೆ ಕುಸಿದು ಚೆಲ್ಲಾಡಿತು.

ಎದೆಲ್ಮಿರಾ ಎರಡೂ ಕೈ ಮಡಿಲಿಗೆಳೆದುಕೊಂಡರು.
"ತಪ್ಪಾಯ್ತು," ಅಂದರು.
ನನಗಲ್ಲ. ನನ್ನ ಕಡೆ ತಿರುಗಲೂ ಇಲ್ಲ.
ಯಂತ್ರಕ್ಕೆ ಅಂದರು.

ನನ್ನ ಪುಸ್ತಕದಲ್ಲಿ ಮೂರು ಕಾಲಂ: ಸಮಯ, ತಪ್ಪು, ಕಾರಣ.
ಕಾರಣದಲ್ಲಿ 'ಬಳಕೆದಾರರ ಅನನುಭವ' ಎಂದು ಬರೆದು
ರಾತ್ರಿ, ತಂಗಿದ್ದ ಕೋಣೆಯಲ್ಲಿ, ಹೊಡೆದುಹಾಕಿದೆ.
'ನಮ್ಮದು' ಎಂದು ಬರೆದೆ.

ಎರಡು ಚಳಿಗಾಲ ಹಿಡಿಯಿತು.
ಕೊಕ್ಕೆಗಳನ್ನೆಲ್ಲ ನೆಲದಡಿ ಹೂತೆವು, ನೀರಿನ ಪೈಪು ಹೂತಂತೆ.
ಈಗ ಸಾಲಿನ ಮೇಲೆ ಒತ್ತಿದರೆ ಸಾಲೇ ತೆರೆಯುತ್ತದೆ;
ಕಾಣುವುದನ್ನೇ ಬರೆಯುವುದು, ಬರೆದದ್ದೇ ಕಾಣುವುದು.
ಹಳಬರು ಕೆಲವರು ಗೊಣಗಿದರು:
ಬಾಗಿಲು ಇಷ್ಟು ಸಲೀಸಾದರೆ
ಯಾರು ಬೇಕಾದರೂ ಬರುತ್ತಾರಲ್ಲ!
ಹೌದು ಸ್ವಾಮಿ, ಬೋರ್ಡಿನ ಮೇಲೆ ನಾವು ಬರೆಸಿದ್ದು ಅದನ್ನೇ.

ಮತ್ತೆ ಅದೇ ಮೇಜು, ಅದೇ ಒಲೆ.
ಎದೆಲ್ಮಿರಾ ಕೂತರು; ಕೈ ಮಾತ್ರ ಸ್ವಲ್ಪ ಹೊತ್ತು ಮಡಿಲಲ್ಲೇ.
ಆಮೇಲೆ ಮುಟ್ಟಿದರು. ಏನೂ ಕುಸಿಯಲಿಲ್ಲ.
'ಇಲ್ಲ' ಅಳಿಸಿದರು.
ಅಳಿಸಿದ ಜಾಗದಲ್ಲಿ ಸಣ್ಣ ಗೆರೆ ಮಿಡಿಯುತ್ತ ಕಾದಿತ್ತು.
'ಇದೆ' ಎಂದರು. ಎರಡೇ ಅಕ್ಷರ.
ಯೋಚಿಸಿ ಸೇರಿಸಿದರು: ನಾಲ್ಕು ಮನೆ, ಒಂಬತ್ತು ಜನ.
ತಡೆದು, ಒಂಬತ್ತನ್ನು ಎಂಟು ಮಾಡಿದರು.
ಯಾರು ಎಂದು ನಾನು ಕೇಳುವಂತಿರಲಿಲ್ಲ.
'ಬದಲಾವಣೆಯ ಕಾರಣ' ಎಂಬ ಪೆಟ್ಟಿಗೆಯಲ್ಲಿ:
ನಾನು ಅಲ್ಲೇ ಇರುವುದು.

ಅವರು ಶಾಲು ಹೊದೆಯುವಷ್ಟರಲ್ಲಿ
ಯಾವುದೋ ಊರಿನ ಯಾರೋ
ಎಲ್ಲವನ್ನೂ ಮೊದಲಿನಂತೆ ಮಾಡಿಬಿಟ್ಟಿದ್ದರು.
ಜನವಸತಿ ಇಲ್ಲ. ಕಾರಣ: ಆಧಾರ ಕೊಟ್ಟಿಲ್ಲ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ಬಾಗಿಲನ್ನೇನೋ ಅಗಲ ಮಾಡಿದ್ದೆವು;
ಒಳಗೆ ಕೂತವರ ಗಂಟುಹುಬ್ಬಿಗೆ
ನಮ್ಮ ಬಳಿ ಬಟನ್ ಇರಲಿಲ್ಲ.

ನಾನು ನಿಯಮ ಮುರಿದದ್ದು ಅಲ್ಲಿ.
ಬೆರಳು ತೋರಿಸಿದೆ: ಮೇಲೆ ನೋಡಿ, 'ಚರ್ಚೆ' ಅಂತಿದೆ.

ಎದೆಲ್ಮಿರಾ ಮತ್ತೆ ಕೂತರು. ತಪ್ಪಾಯ್ತು ಅನ್ನಲಿಲ್ಲ.
ಒಂದೇ ಬೆರಳಿನಲ್ಲಿ, ಅವಸರವಿಲ್ಲದೆ, ಬರೆದರು:

ದೋಣಿ ಮಂಗಳವಾರ ಮತ್ತು ಶುಕ್ರವಾರ.
ಬೂಟು ಹಾಕಿಕೊಂಡು ಬನ್ನಿ, ಇಳಿಯುವಲ್ಲಿ ಕೆಸರು.
ಊಟ ಇದೆ. ಬಂದು ಎಣಿಸಿಕೊಳ್ಳಿ.