ಲೇಬಲ್ ಇಲ್ಲದ ಪ್ಲೇಟು

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ನನ್ನ ವಾಚು ರಿಪೇರಿ ಅಂಗಡಿಯ ಅಟ್ಟದಲ್ಲಿ
ಎರಡನೇ ಶನಿವಾರ, ಷಟರು ಅರ್ಧ ಎಳೆದ ಮೇಲೆ,
ನಾವು ನಾಲ್ಕು ಜನ ಜಾಜ್ ಕೇಳುತ್ತೇವೆ.
ಹಾಸನದಲ್ಲಿ ಇದನ್ನು ಹೇಳಿಕೊಳ್ಳುವಂತಿಲ್ಲ.
ಜಾಜಿ ಮೊಳಕ್ಕೆಷ್ಟು ಅನ್ನುತ್ತಾರೆ.

ಲೂವಿಸ್ ಡೇಸಾಗೆ ಎಲ್ಲ ಗೊತ್ತು:
ಯಾವ ಪ್ಲೇಟು ಯಾವ ವರ್ಷ ಒತ್ತಿದ್ದು,
ಡ್ರಮ್ಮಿನವನಿಗೆ ಅವತ್ತು ಜ್ವರವಿತ್ತೋ ಇಲ್ಲವೋ.
ಎಲ್‌ಐಸಿ ತಮ್ಮೇಗೌಡರಿಗೆ ಸತ್ತವರ ಲೆಕ್ಕ ಬಾಯಿಪಾಠ.
"ನಲವತ್ತು ದಾಟಿದೋರೇ ಕಮ್ಮಿ ಕಣ್ರೀ,
ಇವರಿಗೆ ಯಾರಿಗೂ ನಾನು ಪಾಲಿಸಿ ಮಾಡ್ತಿರಲಿಲ್ಲ."
ಇಂದುಮತಿ ಮೇಡಂ ಭೂಗೋಳ ಕಲಿಸಿದವರು,
ಕಣ್ಣು ಮುಚ್ಚಿ, ನದಿಗಳನ್ನು ಒಪ್ಪಿಸುವ ಹಾಗೆ
ಆ ಊರುಗಳನ್ನು ಒಪ್ಪಿಸುತ್ತಾರೆ.
ಒಂದಕ್ಕೂ ಹೋದವರಲ್ಲ.
ನನಗೆ ತಿಳಿದದ್ದು ಇಷ್ಟೇ:
ಒಂದು ಟಿಕ್ಕಿಗೂ ಮುಂದಿನ ಟಿಕ್ಕಿಗೂ ನಡುವೆ
ಎಷ್ಟು ಜಾಗ ಇದೆ ಅನ್ನುವುದು.

ಜಗಳ ಒಂದೇ ಪ್ಲೇಟಿನದು.
ಅರಸೀಕೆರೆಯ ರೈಲ್ವೆ ಕ್ಲಬ್ಬು ಖಾಲಿ ಮಾಡಿದಾಗ
ಗುಜರಿಯಲ್ಲಿ ಸಿಕ್ಕಿದ್ದು.
ನಡುವಿನ ಕಾಗದವನ್ನು ಜಿರಲೆ ತಿಂದಿದೆ.
ಯಾರು ಊದಿದ್ದು, ಎಲ್ಲಿ, ಯಾವ ರಾತ್ರಿ,
ಹನ್ನೊಂದು ವರ್ಷದಿಂದ ತೀರ್ಮಾನವಿಲ್ಲ.
ಅರ್ಧ ದಾರಿಯಲ್ಲಿ ಕ್ಲಾರಿನೆಟ್ಟು
ತಟಕ್ಕನೆ ನಿಂತುಬಿಡುತ್ತದೆ.
ಮತ್ತೆ ಏಳುವಾಗ ಅದರ ದನಿಯೇ ಬೇರೆ,
ಕೂದಲೆಳೆಯಷ್ಟು ಹಿಂದೆ.

"ಪ್ರಯೋಗ," ಲೂವಿಸ್.
"ಸೂಜಿ ಹಾರಿದ್ದು," ತಮ್ಮೇಗೌಡರು.
"ಮೌನಾನೂ ನುಡಿಸ್ತಾರೆ, ನಿಮಗೆ ಗೊತ್ತಾಗಲ್ಲ," ಮೇಡಂ.
ಆಮೇಲೆ ಮಾತು ಯಾವಾಗಲೂ ಜಾರುವ ಕಡೆಗೇ ಜಾರುತ್ತದೆ.
ಈಗಿನವರು ಓದಿಕೊಂಡು ಬಾರಿಸುತ್ತಾರೆ,
ತಪ್ಪೇ ಮಾಡುವುದಿಲ್ಲ,
ಜಾಜ್ ಸತ್ತು ಎಷ್ಟೋ ಕಾಲವಾಯಿತು.
ತಿಂಗಳಿಗೊಮ್ಮೆ ಸಾಯುತ್ತದೆ ಅದು ನಮ್ಮ ಅಟ್ಟದಲ್ಲಿ.
ತಿಥಿಗೆ ಬೋಂಡ, ಕಾಯಿ ಚಟ್ನಿ.

ಹೋದ ಸಲ ದಸ್ತಗೀರ್ ಬಂದ,
ಮದುವೆ ಬ್ಯಾಂಡಿನವನು, ರಿಪೇರಿಗೆ ಕೊಟ್ಟ ವಾಚು ಕೇಳಲು.
ಮೆಟ್ಟಿಲ ಮೇಲೆಯೇ ನಿಂತ. ಕೆಂಪು ಕೋಟು,
ಒಂದು ಭುಜದ ಜರಿ ಕಿತ್ತು ನೇತಾಡುತ್ತಿತ್ತು.
ಪ್ಲೇಟು ಸುತ್ತುತ್ತಿತ್ತು.
ನಿಂತಿತು. ಎದ್ದಿತು.

"ಇಬ್ರು," ಅಂದ.

ಏನಪ್ಪ?

"ಊದಿರೋದು ಇಬ್ರು.
ಮೊದಲನೆಯವನಿಗೆ ಮೇಲಿನ ಹಲ್ಲು ಅಲ್ಲಾಡ್ತಿದೆ,
ಗಾಳಿ ಪಕ್ಕಕ್ಕೆ ಸೋರೋದು ಕೇಳ್ಸಲ್ವಾ?
ತಡೀಲಾರದೆ ಪಕ್ಕದೋನ ಕೈಗೆ ಕೊಟ್ಟ.
ಅವನು ಹುಡುಗ. ಹೆದರಿದಾನೆ.
ನಡುವೆ ನಿಂತಿದ್ದು, ಅದು,
ಒದ್ದೆ ಆಗಿದ್ದ ಪೀಪಿ ಒರೆಸ್ಕೊಳ್ಳೋಷ್ಟು ಹೊತ್ತು."

ತುಟಿ ಎತ್ತಿ ತೋರಿಸಿದ. ಎರಡು ಹಲ್ಲಿನ ಜಾಗ ಖಾಲಿ.
"ನಂದು ಬೇಲೂರಿನ ದಿಬ್ಬಣದಲ್ಲಿ ಹೋಯ್ತು.
ನಿಲ್ಲಿಸಬೇಡ ಅಂದ್ರು ಹೆಣ್ಣಿನ ಕಡೆಯೋರು.
ಮಗನ ಕೈಗೆ ಕೊಟ್ಟೆ."

ಲೂವಿಸ್ ನೋಟ್‌ಬುಕ್ಕು ತೆಗೆದ.
ಹನ್ನೊಂದು ವರ್ಷ ಖಾಲಿ ಬಿಟ್ಟ ಸಾಲಿನ ಮುಂದೆ
ಪೆನ್ನು ಹಿಡಿದು ಕೂತೇ ಇದ್ದ.
ನನಗೆ ಒಳಗೊಳಗೇ ನಾಚಿಕೆ.
ಆ ಕೂದಲೆಳೆಯಷ್ಟು ಹಿಂದೆ ಬೀಳುವುದನ್ನು
ಶೈಲಿ ಅಂತ, ಯಾರಿಗೂ ಹೇಳದೆ,
ಇಷ್ಟು ದಿನ ಜೋಪಾನ ಮಾಡಿಕೊಂಡಿದ್ದೆ.
ಹುಡುಗನ ಎದೆ ಹೊಡೆದುಕೊಂಡದ್ದು ಅದು.
ಹೊಡೆದುಕೊಂಡರೂ ಬಿಡಲಿಲ್ಲವಲ್ಲ,
ಕೊನೆಯವರೆಗೂ ಊದಿದ.

ದಸ್ತಗೀರನ ವಾಚು ದಿನಕ್ಕೆ ನಾಲ್ಕು ನಿಮಿಷ ಹಿಂದೆ.
ದುಡ್ಡು ತೆಗೆದುಕೊಳ್ಳಲಿಲ್ಲ ನಾನು,
ಸರಿ ಮಾಡಿದೆ ಅಂತಲೂ ಹೇಳಲಿಲ್ಲ.
"ನಾಳೆ ಕಂದಲಿಯಲ್ಲಿ ಮದುವೆ," ಅಂದ ಇಳಿಯುತ್ತಾ,
"ಬನ್ನಿ. ಈಗ ಮಗನೇ ಊದೋದು. ತಪ್ಪು ಜಾಸ್ತಿ."

ಅವನು ಹೋದ ಮೇಲೆ ಮೇಡಂ ಇನ್ನೊಮ್ಮೆ ಹಾಕು ಅಂದರು.
ಹಾಕಿದೆ. ಯಾರೂ ಮಾತಾಡಲಿಲ್ಲ.
ಕ್ಲಾರಿನೆಟ್ಟು ನಿಂತಾಗ
ತಮ್ಮೇಗೌಡರು ಅಂಗೈಯಿಂದ ಬಾಯಿ ಒರೆಸಿಕೊಂಡರು.
ಬೋಂಡದ ಎಣ್ಣೆ ಇರಬಹುದು.